ತಲೆಯ ಮೇಲೊಂದು ಶೂ

ಶೂ ಹಾಕಿಕೊಳ್ಳುವುದು ಕಾಲಿಗೆ. ಪಾದರಕ್ಷೆಯನ್ನು ತಲೆಯ ಮೇಲೆ ಹೊತ್ತವನು ನನಗೆ ಗೊತ್ತಿರುವಂತೆ ಒಬ್ಬನೇ, ರಾಮನ ತಮ್ಮ ಭರತ. ಅದಕ್ಕೇ ನನ್ನ ಹಳೇ ಕ್ಯಾಮೆರಾದ ನೆತ್ತಿ ಮುಟ್ಟಿ ತೋರಿಸಿ "ಇದಕ್ಕೆ ಶೂ ಅಂತಾರೆ" ಎಂದಾಗ ತಂಗಿಯ ಮಗಳು ನಂಬಲೇ ಇಲ್ಲ. ಐದನೇ ಕ್ಲಾಸು ಮುಗಿಸಿ ಬೇಸಿಗೆ ರಜೆಗೆ ಅಜ್ಜಿಮನೆಗೆ ಬಂದಿದ್ದಳು. ಸಾಗರದ ಕಡೆಯ ಅಡಿಕೆ ತೋಟದ ಮನೆ. ಅಂಗಳದಲ್ಲಿ ಹಲಸಿನ ಹಪ್ಪಳ ಒಣಗುತ್ತಿತ್ತು. ಹಪ್ಪಳಕ್ಕೆ ಕಾಗೆ ಬಾರದಂತೆ ಕಾಯುವುದು ಅವಳ ಕೆಲಸ, ಅವಳನ್ನು ಕಾಯುವುದು ನನ್ನ ಕೆಲಸ.

"ಮಾವ, ಸುಮ್ನೆ ಸುಳ್ಳು ಹೇಳ್ತೀಯ."

ಸುಳ್ಳಲ್ಲ. ಕ್ಯಾಮೆರಾದ ತಲೆಯ ಮೇಲೆ ಎರಡು ಬದಿಯ ಅಂಚು ಒಳಕ್ಕೆ ಮಡಚಿದ ಪುಟ್ಟ ತಗಡೊಂದಿದೆ. ಫ್ಲಾಷ್‌ನಂಥ ಚಿಕ್ಕ ಉಪಕರಣಗಳ ತಳದಲ್ಲಿ ಚಪ್ಪಟೆಯಾದ ಪಾದ ಇರುತ್ತದೆ. ಆ ಪಾದವನ್ನು ಮಡಚಿದ ಅಂಚುಗಳ ನಡುವೆ ಜಾರಿಸಿ ಕೂರಿಸುತ್ತಾರೆ. ಪಾದ ಹೋಗಿ ಕೂರುವ ಜಾಗ ಶೂ ಆಗದೆ ಇನ್ನೇನಾಗುತ್ತದೆ? ಅದರಲ್ಲೂ ಎರಡು ಜಾತಿ. ನಡುವೆ ವಿದ್ಯುತ್ತಿನ ಸಂಪರ್ಕ ಕೊಡುವ ಚುಕ್ಕಿ ಇದ್ದರೆ ಹಾಟ್ ಶೂ, ಬರೀ ತಗಡಾದರೆ ಕೋಲ್ಡ್ ಶೂ. ನನ್ನದು ಕೋಲ್ಡ್.

ಕ್ಯಾಮೆರಾದ ಹೆಸರು ಜೋರ್ಕಿ-4. ಮಾಸ್ಕೋ ಹತ್ತಿರದ ಕ್ರಾಸ್ನೊಗೊರ್ಸ್ಕ್ ಎಂಬ ಊರಿನ ಕಾರ್ಖಾನೆಯಲ್ಲಿ 1956ರಿಂದ 1973ರವರೆಗೆ ಇಂಥ 16 ಲಕ್ಷಕ್ಕೂ ಹೆಚ್ಚು ಕ್ಯಾಮೆರಾಗಳು ತಯಾರಾದವು. ಕೈಯಲ್ಲಿ ಹಿಡಿದರೆ ಅಡಕತ್ತರಿಯ ಹಾಗೆ ಭಾರ. ಇದಕ್ಕೆ ಬ್ಯಾಟರಿ ಇಲ್ಲ, ಚಿತ್ರ ತೋರಿಸುವ ಪರದೆ ಇಲ್ಲ, ತೆಗೆದ ಫೋಟೋ ಆಗಲೇ ನೋಡುವ ಭಾಗ್ಯವೂ ಇಲ್ಲ. ಒಳಗೆ ಸ್ಪ್ರಿಂಗು, ಹಲ್ಲುಚಕ್ರ, ಕಪ್ಪು ಬಟ್ಟೆಯ ಎರಡು ಪರದೆ, ಅಷ್ಟೇ. ಹೊಸಬರು ಇದನ್ನು ಕೆಡಿಸುವ ರೀತಿಯೂ ಒಂದೇ. ಗುಂಡಿ ತಿರುಗಿಸಿ ಫಿಲ್ಮು ಮುಂದೆ ಸರಿಸಿದ ಮೇಲೆ ಮಾತ್ರ ವೇಗದ ಡಯಲ್ ಮುಟ್ಟಬೇಕು. ಮೊದಲೇ ತಿರುಗಿಸಿದರೆ ಒಳಗಿನ ಪಿನ್ನು ಮುರಿಯಬಹುದು.

ಜೋರ್ಕಿ ಅಂದರೆ ರಷ್ಯನ್ ಭಾಷೆಯಲ್ಲಿ 'ಚುರುಕು ಕಣ್ಣಿನದು' ಎಂದರ್ಥ. ಹೆಸರೇನೋ ಚೆನ್ನಾಗಿದೆ. ಆದರೆ ಈ ಚುರುಕು ಕಣ್ಣಿಗೆ ಎದುರಿಗಿರುವುದು ಮಧ್ಯಾಹ್ನದ ಬಿಸಿಲೋ ಉಗ್ರಾಣದ ಕತ್ತಲೋ ಎಂಬುದೇ ಗೊತ್ತಾಗುವುದಿಲ್ಲ! ಅದನ್ನು ನಾವೇ ಹೇಳಬೇಕು. ನಮಗೆ ಹೇಳಿಕೊಡುವುದಕ್ಕೆ ಶೂ ಮೇಲೆ ಕೂರುವ ಇನ್ನೊಂದು ಡಬ್ಬಿ ಇದೆ.

ಅದೇ ಬೆಳಕಿನ ಮೀಟರ್. ಕೊಬ್ಬರಿ ಮಿಠಾಯಿಯ ಒಂದು ತುಂಡಿನಷ್ಟು ದೊಡ್ಡದು. ಮೇಲೆ ಎರಡು ಪುಟ್ಟ ಡಯಲ್, ಬದಿಯಲ್ಲಿ ಒಂದು ಗುಂಡಿ, ಸಾಲಾಗಿ ಮೂರು ದೀಪ: ಎರಡು ತುದಿಗೆ ಕೆಂಪು, ನಡುವೆ ಹಸಿರು. ಮುಂದುಗಡೆ ಮಸುಕು ಗಾಜಿನ ಸಣ್ಣ ಕಿಟಕಿ. ಆ ಕಿಟಕಿಯನ್ನು ಫೋಟೋ ತೆಗೆಯಬೇಕಾದ ಕಡೆ ತಿರುಗಿಸಿ ಗುಂಡಿ ಒತ್ತಬೇಕು. ಬೆಳಕು ಹೆಚ್ಚಾಯಿತೆಂದರೆ ಒಂದು ಕಡೆಯ ಕೆಂಪು, ಕಡಿಮೆಯಾಯಿತೆಂದರೆ ಇನ್ನೊಂದು ಕಡೆಯ ಕೆಂಪು ಹತ್ತುತ್ತದೆ. ಹಸಿರೊಂದೇ ಉರಿಯುವವರೆಗೆ ಡಯಲ್ ತಿರುಗಿಸಿ, ಅಲ್ಲಿ ಕಂಡ ಅಂಕಿಗಳನ್ನು ಕ್ಯಾಮೆರಾದ ಮೇಲೆ ಇಟ್ಟರೆ ಆಯಿತು.

"ಅದಕ್ಕೆ ಮೀಟರ್ ಎಂತಕೆ? ಬೆಳಕು ಎಷ್ಟಿದೆ ಅಂತ ನಂಗೇ ಕಾಣ್ತದಲ್ಲ, ಕಣ್ಣಿಲ್ವಾ?"

ಒಳ್ಳೆಯ ಪ್ರಶ್ನೆ. ಪಂದ್ಯ ಕಟ್ಟಿದೆವು. ಹಪ್ಪಳ ಒಣಗುತ್ತಿದ್ದ ಅಂಗಳದ ಬೆಳಕು ನಮ್ಮ ನಡುಮನೆಯ ಬೆಳಕಿಗಿಂತ ಎಷ್ಟು ಪಟ್ಟು ಹೆಚ್ಚು? ಅವಳು ಬಿಸಿಲಲ್ಲೊಮ್ಮೆ ನಿಂತಳು, ಒಳಗೊಮ್ಮೆ ಓಡಿದಳು, ಕಂಬಕ್ಕೆ ಒರಗಿ ಲೆಕ್ಕ ಹಾಕಿದಳು. "ನಾಲ್ಕು ಪಟ್ಟು. ಹೋಗ್ಲಿ, ಹತ್ತು."

ಮೀಟರ್ ಕೈಗೆ ಕೊಟ್ಟೆ. ಡಯಲ್ಲಿನ ಒಂದೊಂದು ಟಿಕ್ಕಿಗೂ ಬೆಳಕು ಎರಡು ಪಟ್ಟು ಅಥವಾ ಅರ್ಧ ಎಂದು ಲೆಕ್ಕ. ಫೋಟೋದವರ ಭಾಷೆಯಲ್ಲಿ ಅದು ಒಂದು ಸ್ಟಾಪ್. ನಾವು ಮೆಟ್ಟಿಲು ಎನ್ನೋಣ. ಅಂಗಳದಲ್ಲಿ ಹಸಿರು ದೀಪ ಉರಿದ ಜಾಗ ನೋಡಿಕೊಂಡೆವು. ನಡುಮನೆಗೆ ಬಂದರೆ ಕೆಂಪು. ಅವಳು ಒಂದೊಂದೇ ಟಿಕ್ಕು ತಿರುಗಿಸುತ್ತಾ ಎಣಿಸಿದಳು. ಒಂದು, ಎರಡು, ಮೂರು... ಏಳಾದರೂ ಕೆಂಪು, ಎಂಟಕ್ಕೂ ಕೆಂಪು. ಹತ್ತಕ್ಕೆ ಹಸಿರು ಬಂತು.

"ನೋಡಿದ್ಯಾ? ಹತ್ತೇ ಪಟ್ಟು. ನಾ ಹೇಳಿದ್ದೇ ಸರಿ!"

ಹತ್ತು ಪಟ್ಟಲ್ಲ, ಹತ್ತು ಮೆಟ್ಟಿಲು. ಒಂದು ಮೆಟ್ಟಿಲಿಗೆ 2, ಎರಡಕ್ಕೆ 4, ಮೂರಕ್ಕೆ 8, 16, 32, 64, 128, 256, 512, ಹತ್ತನೆಯದಕ್ಕೆ 1024. ಅಂಗಳದ ಬೆಳಕು ನಡುಮನೆಗಿಂತ ಸಾವಿರ ಪಟ್ಟು ಹೆಚ್ಚು! ಬೆಳಕನ್ನು ಅಳೆಯುವ ಲಕ್ಸ್ ಎಂಬ ಮಾನದಲ್ಲಿ ಹೇಳುವುದಾದರೆ ನೆತ್ತಿಯ ಮೇಲಿನ ಬಿಸಿಲು ಸುಮಾರು 1,00,000 ಲಕ್ಸ್, ನಮ್ಮ ಹಳೇ ಮನೆಯ ನಡುಮನೆ ಸುಮಾರು 100. ಅವಳ ಮುಖ ಸಣ್ಣಗಾಯಿತು. ಪಂದ್ಯ ಸೋತದ್ದಕ್ಕಲ್ಲ, ತನ್ನದೇ ಕಣ್ಣು ತನಗೆ ಮೋಸ ಮಾಡಿತಲ್ಲ ಅಂತ.

ಕಣ್ಣಿನದು ಮೋಸ ಅನ್ನುವುದು ತಪ್ಪು. ಅದು ನಮಗೆ ಮಾಡುತ್ತಿರುವುದು ಉಪಕಾರ. ನೀವೇ ಪರೀಕ್ಷೆ ಮಾಡಿ. ಕನ್ನಡಿಯ ಮುಂದೆ ನಿಂತು ಅರ್ಧ ನಿಮಿಷ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಳ್ಳಿ. ತಟ್ಟನೆ ತೆಗೆದು ಕಪ್ಪು ಗುಡ್ಡೆಯ ನಡುವಿನ ಪಾಪೆಯನ್ನೇ ನೋಡಿ. ದೊಡ್ಡದಾಗಿದ್ದ ಪಾಪೆ ಸರ್ರನೆ ಚಿಕ್ಕದಾಗುತ್ತದೆ. ಕತ್ತಲಲ್ಲಿ ಮಕ್ಕಳ ಪಾಪೆ ಸುಮಾರು 8 ಮಿಲಿಮೀಟರಿನಷ್ಟು ಅಗಲಕ್ಕೆ ತೆರೆದುಕೊಳ್ಳುತ್ತದೆ, ಬಿಸಿಲಲ್ಲಿ 2 ಮಿಲಿಮೀಟರಿಗೆ ಮುದುಡುತ್ತದೆ. ಅಗಲ ನಾಲ್ಕು ಪಟ್ಟು ವ್ಯತ್ಯಾಸವಾದರೆ ಬೆಳಕು ನುಗ್ಗುವ ಜಾಗ 16 ಪಟ್ಟು. ಆದರೆ ಅಂಗಳಕ್ಕೂ ನಡುಮನೆಗೂ ಇದ್ದದ್ದು ಸಾವಿರ ಪಟ್ಟಿನ ವ್ಯತ್ಯಾಸ. ಉಳಿದದ್ದನ್ನು ಕಣ್ಣಿನ ಹಿಂಬದಿಯ ಅಕ್ಷಿಪಟಲ ನಿಭಾಯಿಸುತ್ತದೆ. ಬೆಳಕು ಹೆಚ್ಚಿದರೆ ತನ್ನ ಸೂಕ್ಷ್ಮತೆಯನ್ನು ತಗ್ಗಿಸಿಕೊಳ್ಳುತ್ತದೆ, ಕತ್ತಲಾದರೆ ಹೆಚ್ಚಿಸಿಕೊಳ್ಳುತ್ತದೆ. ಬಿಸಿಲಿಂದ ಉಗ್ರಾಣಕ್ಕೆ ಹೋದಾಗ ಮೊದಲು ಏನೂ ಕಾಣದೆ, ಸ್ವಲ್ಪ ಹೊತ್ತಿಗೆ ಉಪ್ಪಿನಕಾಯಿ ಜಾಡಿ, ಆಮೇಲೆ ಮೂಲೆಯ ಇಲಿಯೂ ಕಾಣುತ್ತದಲ್ಲ, ಅದು ಈ ಹೊಂದಾಣಿಕೆಯ ಫಲ. ಸೂರ್ಯನ ಬೆಳಕು ಹುಣ್ಣಿಮೆಯ ಬೆಳಕಿಗಿಂತ ಸುಮಾರು 4 ಲಕ್ಷ ಪಟ್ಟು ಹೆಚ್ಚು. ಎರಡರಲ್ಲೂ ನಾವು ದಾರಿ ನೋಡಿಕೊಂಡು ನಡೆಯುತ್ತೇವೆ. ಹೀಗೆ ಸದಾ ಹೊಂದಿಕೊಳ್ಳುವ ಕಣ್ಣು ಬೆಳಕನ್ನು ಅಳೆಯಲಾರದು. ಸರಕಿಗೆ ತಕ್ಕಂತೆ ತಾನೇ ತೂಕ ಬದಲಿಸಿಕೊಳ್ಳುವ ಕಲ್ಲಿನಿಂದ ಅಂಗಡಿಯವನು ಅಕ್ಕಿ ತೂಗಿದ ಹಾಗಾಗುತ್ತದೆ.

ಫಿಲ್ಮಿಗೆ ಈ ಹೊಂದಾಣಿಕೆ ಗೊತ್ತಿಲ್ಲ. ಅದು ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬಳಿದ ಬೆಳ್ಳಿಯ ಲವಣದ ಸಣ್ಣ ಸಣ್ಣ ಹರಳು. ಬೆಳಕು ಬಿದ್ದ ಹರಳಿನಲ್ಲಿ ಕಣ್ಣಿಗೆ ಕಾಣದ ಗುರುತು ಮೂಡುತ್ತದೆ. ಆಮೇಲೆ ರಾಸಾಯನಿಕದಲ್ಲಿ ಅದ್ದಿದಾಗ ಗುರುತಾದ ಹರಳು ಕಪ್ಪು ಬೆಳ್ಳಿಯಾಗುತ್ತದೆ. ಬೆಳಕು ಬೇಕಾದ್ದಕ್ಕಿಂತ ಕಡಿಮೆಯಾದರೆ ಪಟ್ಟಿ ಖಾಲಿ, ತೀರಾ ಹೆಚ್ಚಾದರೆ ಎಲ್ಲ ಮಸಿ. ಫಿಲ್ಮಿನ ಡಬ್ಬಿಯ ಮೇಲೆ 100, 400 ಎಂದು ಬರೆದಿರುತ್ತಾರಲ್ಲ, ಅದು ಅದರ ಹಸಿವೆ ಎಷ್ಟೆಂದು ಹೇಳುವ ಅಂಕಿ. 100ರ ಫಿಲ್ಮು ಹೊಟ್ಟೆಬಾಕ, ಹೆಚ್ಚು ಬೆಳಕು ಬೇಕು. 400ರದ್ದಕ್ಕೆ ಅದರ ಕಾಲು ಭಾಗ ಸಾಕು. ಮೀಟರಿಗೆ ಮೊದಲು ಹೇಳಬೇಕಾದದ್ದೇ ಈ ಅಂಕಿ. ಇದನ್ನು ಮರೆತು ನಾನೊಮ್ಮೆ ಕೆಟ್ಟೆ, ಅದು ಆಮೇಲೆ.

ಈಗ ಆ ಡಬ್ಬಿಯೊಳಗೆ ಏನು ನಡೆಯುತ್ತದೆ ನೋಡೋಣ. ಮಸುಕು ಗಾಜಿನ ಹಿಂದೆ ಸಾಸಿವೆ ಕಾಳಿನಷ್ಟು ಸಿಲಿಕಾನ್ ಚೂರು ಕೂತಿದೆ. ಮನೆಯ ಮಾಡಿನ ಮೇಲೆ ಸೋಲಾರ್ ಹಲಗೆ ನೋಡಿದ್ದೀರಲ್ಲ, ಅದರ ಮರಿ ಎನ್ನಿ. ಬೆಳಕು ಹೊಳೆಯ ಹಾಗೆ ಹರಿದು ಬರುವಂತೆ ಕಂಡರೂ ನಿಜಕ್ಕೂ ಮಳೆಯ ಹಾಗೆ ಹನಿಹನಿ. ಆ ಹನಿಗೆ ಫೋಟಾನ್ ಎಂದು ಹೆಸರು. ನೇರ ಬಿಸಿಲಲ್ಲಿ ಒಂದು ಚದರ ಮಿಲಿಮೀಟರ್ ಜಾಗದ ಮೇಲೆ ಸೆಕೆಂಡಿಗೆ ಸಾವಿರ ಲಕ್ಷ ಕೋಟಿಗೂ ಹೆಚ್ಚು ಫೋಟಾನ್ ಬೀಳುತ್ತವೆ. ಫೋಟಾನ್ ಬಡಿದಾಗ ಸಿಲಿಕಾನ್ ಒಳಗೆ ಕಟ್ಟಿಹಾಕಿದಂತಿದ್ದ ಎಲೆಕ್ಟ್ರಾನ್ ಹಗ್ಗ ಬಿಚ್ಚಿಕೊಂಡ ಕರುವಿನ ಹಾಗೆ ಜಿಗಿದು ಹೊರಡುತ್ತದೆ. ಎಲೆಕ್ಟ್ರಾನ್‌ಗಳ ಈ ಓಟವೇ ವಿದ್ಯುತ್ತು. ಬೆಳಕು ಎರಡು ಪಟ್ಟಾದರೆ ಓಡುವ ಎಲೆಕ್ಟ್ರಾನ್‌ಗಳೂ ಎರಡು ಪಟ್ಟು. ಅಳೆಯಲು ಇದಕ್ಕಿಂತ ನಿಯತ್ತಿನ ಆಳು ಸಿಗುವುದಿಲ್ಲ. ಆದರೆ ಆ ವಿದ್ಯುತ್ತು ತೀರಾ ಅಲ್ಪ, ಅದನ್ನು ಹಿಗ್ಗಿಸಿ ದೀಪ ಹೊತ್ತಿಸಲು ಎರಡು ಗುಂಡಿ ಸೆಲ್ ಬೇಕು. (ಈ ಗುಂಡಿ ಸೆಲ್‌ಗಳನ್ನು ಅಂಬೆಗಾಲಿಡುವ ಪಾಪುವಿನ ಕೈಗೆ ಸಿಗದ ಹಾಗೆ ಇಡಿ. ಮಾತ್ರೆಯ ಹಾಗೆ ಕಾಣುತ್ತವೆ. ನುಂಗಿದರೆ ಗಂಟಲೊಳಗೆ ಸುಟ್ಟ ಗಾಯವಾಗುತ್ತದೆ.)

ಬೆಳಕಿಗೂ ವಿದ್ಯುತ್ತಿಗೂ ಇರುವ ಈ ನಂಟಿನ ಒಂದು ಕತೆ ಸೊಗಸಾಗಿದೆ. ಇಂಗ್ಲೆಂಡಿನ ವಿಲ್ಲೋಬಿ ಸ್ಮಿತ್ ಎಂಬ ಇಂಜಿನಿಯರ್ ಸಮುದ್ರದಡಿ ಹಾಕುವ ಟೆಲಿಗ್ರಾಫ್ ತಂತಿಯನ್ನು ಪರೀಕ್ಷೆ ಮಾಡುತ್ತಿದ್ದ. ಅದಕ್ಕೆ ವಿದ್ಯುತ್ತನ್ನು ಚೆನ್ನಾಗಿ ತಡೆಯುವ ವಸ್ತು ಬೇಕಿತ್ತು. ಸೆಲೆನಿಯಂ ಎಂಬ ಮೂಲವಸ್ತುವಿನ ಕಡ್ಡಿಗಳನ್ನು ಬಳಸಿದ. ಅವು ಒಮ್ಮೆ ಹೇಳಿದ್ದು ಇನ್ನೊಮ್ಮೆ ಹೇಳುತ್ತಿರಲಿಲ್ಲ. ಕಡ್ಡಿಗಳಿದ್ದ ಪೆಟ್ಟಿಗೆಯ ಮುಚ್ಚಳ ಹಾಕಿದಾಗ ತಡೆ ಹೆಚ್ಚು, ಮುಚ್ಚಳ ತೆಗೆದಾಗ ಕಡಿಮೆ! ಬೇರೆಯವರಾಗಿದ್ದರೆ ಕೆಟ್ಟ ಸಾಮಾನು ಎಂದು ಎಸೆಯುತ್ತಿದ್ದರೇನೋ. ಸ್ಮಿತ್ 1873ರಲ್ಲಿ ಇದನ್ನು ಬರೆದು ತಿಳಿಸಿದ. ಹತ್ತು ವರ್ಷದ ಮೇಲೆ ನ್ಯೂಯಾರ್ಕಿನ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಂ ಮೇಲೆ ತೆಳ್ಳನೆ ಚಿನ್ನದ ಲೇಪ ಕೊಟ್ಟು ಬೆಳಕಿನಿಂದಲೇ ವಿದ್ಯುತ್ ಬರುವಂತೆ ಮಾಡಿದ. 1932ರಲ್ಲಿ ಅಮೆರಿಕದ ವೆಸ್ಟನ್ ಕಂಪನಿ ಇದೇ ಸೆಲೆನಿಯಂ ಇಟ್ಟು ಫೋಟೋದವರಿಗೆಂದು ಮೀಟರ್ ತಂದಿತು. ಅದಕ್ಕೆ ಬ್ಯಾಟರಿಯೇ ಬೇಡ. ಬೆಳಕು ಬಿದ್ದರೆ ಮುಳ್ಳು ತಾನೇ ಏಳುತ್ತಿತ್ತು.

ಸೆಲೆನಿಯಂ ಕತ್ತಲಲ್ಲಿ ಮಂಕು. ಆಮೇಲೆ 1960ರ ದಶಕದಲ್ಲಿ ಕ್ಯಾಡ್ಮಿಯಂ ಸಲ್ಫೈಡ್ ಎಂಬ ವಸ್ತುವಿನ ಮೀಟರ್‌ಗಳು ಹೆಚ್ಚಾದವು. ಕತ್ತಲಲ್ಲೂ ಅವು ಚುರುಕು, ಆದರೆ ವಿಚಿತ್ರ ಸ್ವಭಾವ. ಬಿಸಿಲು ನೋಡಿದ ಮೇಲೆ ಸ್ವಲ್ಪ ಹೊತ್ತು ಅದೇ ಗುಂಗಿನಲ್ಲಿದ್ದು ನೆರಳನ್ನು ತಪ್ಪಾಗಿ ಓದುತ್ತಿದ್ದವು. ಥೇಟ್ ನಮ್ಮ ಕಣ್ಣಿನ ಹಾಗೆ! ಸಿಲಿಕಾನಿಗೆ ಈ ನೆನಪಿನ ಕಾಯಿಲೆ ಇಲ್ಲ.

ಮೀಟರ್ ಶೂ ಏರಿ ಕೂತದ್ದೂ ಹಳೇ ಕತೆಯೇ. 1954ರಲ್ಲಿ ಜರ್ಮನಿಯ ಲೈಕಾ ಎಂ3 ಕ್ಯಾಮೆರಾ ಬಂದಾಗ ಅದರ ಶೂ ಮೇಲೆ ಕೂರಿಸುವ ಮೀಟರ್ ಕೂಡ ಸಿಗುತ್ತಿತ್ತು. ಅದರ ಡಯಲ್ ಕ್ಯಾಮೆರಾದ ವೇಗದ ಡಯಲ್ಲಿಗೆ ಕೈ ಜೋಡಿಸಿಕೊಂಡು ಜೊತೆಗೇ ತಿರುಗುತ್ತಿತ್ತು. ನಂತರ ಮೀಟರ್ ಕ್ಯಾಮೆರಾದ ಹೊಟ್ಟೆಯೊಳಗೇ ಸೇರಿತು. ಫೋನು ಬಂದ ಮೇಲಂತೂ ಅದು ಇದೆಯೆಂಬುದೇ ಮರೆತುಹೋಯಿತು. ಫೋನಿನಲ್ಲಿ ಕಪ್ಪಾಗಿ ಕಂಡ ಮುಖದ ಮೇಲೆ ಬೆರಳಿಟ್ಟರೆ ಚಿತ್ರ ಬೆಳ್ಳಗಾಗುತ್ತದಲ್ಲ, ಆಗ ನೀವು ಮಾಡುತ್ತಿರುವುದು ಇದೇ ಬೆಳಕು ಅಳೆಯುವ ಕೆಲಸ.

ಇನ್ನು ಮೀಟರ್ ತೋರಿಸುವ ಆ ಅಂಕಿಗಳು. ಕ್ಯಾಮೆರಾದಲ್ಲಿ ಬೆಳಕಿಗೆ ಎರಡು ತಡೆ. ಲೆನ್ಸಿನೊಳಗಿನ ತೂತು ಒಂದು, ಆ ಬಟ್ಟೆ ಪರದೆಯ ಬಾಗಿಲು ತೆರೆದಿರುವ ಹೊತ್ತು ಇನ್ನೊಂದು. ಹಿತ್ತಲ ನಲ್ಲಿಯಲ್ಲಿ ಕೊಡ ತುಂಬಿಸಿದ ಹಾಗೆ. ನಲ್ಲಿ ಪೂರ್ತಿ ಬಿಟ್ಟರೆ ಬೇಗ ತುಂಬುತ್ತದೆ, ಸಣ್ಣಗೆ ಬಿಟ್ಟರೆ ಹೊತ್ತು ಹಿಡಿಯುತ್ತದೆ. ತುಂಬಿದ ಕೊಡ ಒಂದೇ. ಹೊತ್ತಿನ ಅಂಕಿ, ಅಂದರೆ ವೇಗದ ಡಯಲ್ಲಿನದು, ಸುಲಭ: 500 ಅಂದರೆ ಒಂದು ಸೆಕೆಂಡಿನ ಐನೂರರಲ್ಲಿ ಒಂದು ಭಾಗ, 250 ಅಂದರೆ ಅದರ ಎರಡರಷ್ಟು ಹೊತ್ತು. ಆಮೇಲೆ 125, 60, 30. ತೂತಿನ ಅಂಕಿಗಳು ಮಾತ್ರ ಯಾರೋ ನಿದ್ದೆಗಣ್ಣಲ್ಲಿ ಬರೆದಂತಿವೆ: 2, 2.8, 4, 5.6, 8, 11, 16.

"ಇದೆಂತ ಮಗ್ಗಿ ಮಾವ?"

ಇದು 1.4ರ ಮಗ್ಗಿ. ಒಂದೊಂದನ್ನೂ 1.4ರಿಂದ ಗುಣಿಸಿದರೆ ಮುಂದಿನದು ಬರುತ್ತದೆ. ಎರಡು ದೋಸೆ ಹುಯ್ಯಿರಿ. ಒಂದರ ಅಗಲ ಇನ್ನೊಂದರ ಎರಡರಷ್ಟಿದ್ದರೆ ಹಿಟ್ಟು ಎರಡು ಪಟ್ಟಲ್ಲ, ನಾಲ್ಕು ಪಟ್ಟು ಬೇಕು. ಹಿಟ್ಟು ಸರಿಯಾಗಿ ಎರಡು ಪಟ್ಟು ಮಾತ್ರ ಬೇಕೆಂದರೆ ಅಗಲವನ್ನು 1.4 ಪಟ್ಟು ಮಾಡಬೇಕು. ಯಾಕೆಂದರೆ 1.4ನ್ನು 1.4ರಿಂದ ಗುಣಿಸಿದರೆ ಹೆಚ್ಚುಕಡಿಮೆ 2. ಇನ್ನೊಂದು ತಿರುವು ಇದೆ, ದೊಡ್ಡವರೂ ಇಲ್ಲಿ ಎಡವುತ್ತಾರೆ. ಅಂಕಿ ಹೆಚ್ಚಿದಷ್ಟೂ ತೂತು ಚಿಕ್ಕದು. ಯಾಕೆಂದರೆ ಆ ಅಂಕಿ ಭಾಗಾಕಾರದ್ದು. ನನ್ನ ಲೆನ್ಸಿನ ಸಂಗಮ ದೂರ 50 ಮಿಲಿಮೀಟರ್. 2ರಿಂದ ಭಾಗಿಸಿದರೆ 25 ಮಿಲಿಮೀಟರ್, ಹೆಚ್ಚುಕಡಿಮೆ ಎರಡು ರೂಪಾಯಿ ನಾಣ್ಯದಷ್ಟು ತೂತು. 16ರಿಂದ ಭಾಗಿಸಿದರೆ 3 ಮಿಲಿಮೀಟರ್, ಒಂದು ಕೊತ್ತಂಬರಿ ಕಾಳು.

ಹಳೇ ಫೋಟೋದವರು ಮೀಟರ್ ಇಲ್ಲದೆ ಬಳಸುತ್ತಿದ್ದ ಸೂತ್ರ ಒಂದಿದೆ. ಒಳ್ಳೇ ಬಿಸಿಲಲ್ಲಿ ತೂತು 16ಕ್ಕೆ ಇಟ್ಟು, ಫಿಲ್ಮಿನ ಅಂಕಿಯಷ್ಟೇ ವೇಗ ಇಡು. 400ರ ಫಿಲ್ಮಿಗೆ ಹತ್ತಿರದ ವೇಗ 500. ನಮ್ಮ ಮೀಟರ್ ಅಂಗಳದಲ್ಲಿ ತೋರಿಸಿದ್ದೂ ಇದನ್ನೇ, 16 ಮತ್ತು 500. ನಡುಮನೆಗೆ ಹತ್ತು ಮೆಟ್ಟಿಲು ಇಳಿಯಬೇಕಿತ್ತಲ್ಲ. 16ರಿಂದ 2ಕ್ಕೆ ಬರುವಷ್ಟರಲ್ಲಿ ಆರು ಮೆಟ್ಟಿಲು, 500ರಿಂದ 30ಕ್ಕೆ ನಾಲ್ಕು. ಲೆಕ್ಕ ಸರಿಹೋಯಿತು. ಬಿಸಿಲಿನ ದಿನ ಮೀಟರ್ ಜೇಬಲ್ಲಿದ್ದರೂ ನಡೆಯುತ್ತದೆ ಅಂತಲೇ ನನ್ನ ಅಭಿಪ್ರಾಯ. ಮಲೆನಾಡಿನ ಮೋಡದಲ್ಲಿ, ತೋಟದ ನೆರಳಲ್ಲಿ, ಮನೆಯೊಳಗೆ ಅದಿಲ್ಲದೆ ಆಗದು.

ಇಷ್ಟೆಲ್ಲ ಹೊಗಳಿದ ಮೇಲೆ ಅದರ ದಡ್ಡತನವನ್ನೂ ಹೇಳಬೇಕು. ಜಗಲಿಯ ಮೇಲೆ ಒಂದು ಪರೀಕ್ಷೆ ಮಾಡಿದೆವು. ಗಳದ ಮೇಲಿದ್ದ ನನ್ನ ಬಿಳಿ ಪಂಚೆ, ಅದರ ಪಕ್ಕದಲ್ಲಿ ಅಜ್ಜನ ಕಾಲದ ಕರಿಕಂಬಳಿ. ಎರಡಕ್ಕೂ ಬೀಳುತ್ತಿದ್ದದ್ದು ಒಂದೇ ಬೆಳಕು. ತೂತು 4ರಲ್ಲೇ ಇಟ್ಟು ಮೀಟರನ್ನು ಪಂಚೆಯ ಹತ್ತಿರ ಹಿಡಿದಳು, "500 ಇಡು" ಎಂದಿತು. ಕಂಬಳಿಯ ಹತ್ತಿರ ಹಿಡಿದಳು, "30 ಇಡು" ಎಂದಿತು. ನಾಲ್ಕು ಮೆಟ್ಟಿಲ ವ್ಯತ್ಯಾಸ!

ಮೀಟರಿಗೆ ಬೆಳಕು ಎಷ್ಟು ಬಂತೆಂದು ಗೊತ್ತು, ಯಾವುದರಿಂದ ಬಂತೆಂದು ಗೊತ್ತಿಲ್ಲ. ಎದುರಿಗೆ ಬಿಳಿ ಪಂಚೆ ಇದೆಯೋ, ಬೆಳಕೇ ಹೆಚ್ಚಿದೆಯೋ ಅದು ಹೇಳಲಾರದು. ಹಾಗಾಗಿ ಮೀಟರ್ ಮಾಡಿದವರು ಒಂದು ಊಹೆ ಕಟ್ಟಿಕೊಟ್ಟಿದ್ದಾರೆ: ಜಗತ್ತಿನಲ್ಲಿ ಎಲ್ಲವೂ ಬೂದಿ ಬಣ್ಣದ್ದು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 18 ಪಾಲನ್ನು ಹಿಂದಕ್ಕೆ ಕಳಿಸುವ ನಡುಬೂದಿ. ನೂರರ ನಡು 50 ಅಲ್ಲವೇ, 18 ಯಾಕೆ ಅನ್ನುತ್ತೀರಾ? ಕಪ್ಪಿಗೂ ಬಿಳಿಗೂ ಸರಿಯಾಗಿ ನಡುವಿನದು ಎಂದು ನಮ್ಮ ಕಣ್ಣು ಒಪ್ಪುವ ಬಣ್ಣ ಅದೇ. ಸಾವಿರ ಪಟ್ಟನ್ನು ಹತ್ತು ಪಟ್ಟು ಎಂದು ಹೇಳಿಸಿದ ಕಣ್ಣು ತಾನೆ, ಇಲ್ಲೂ ಅದರದೇ ಲೆಕ್ಕ.

ಪಂಚೆಯನ್ನು ಕಂಡ ಮೀಟರ್ "ಅಬ್ಬಾ, ಬೂದಿಯೇ ಇಷ್ಟು ಹೊಳೆಯುತ್ತಿದೆ, ಬಿಸಿಲು ಜೋರಿರಬೇಕು" ಎಂದು ಬೆಳಕು ತಗ್ಗಿಸಲು ಹೇಳುತ್ತದೆ. ಹಾಗೆ ತೆಗೆದರೆ ಪಂಚೆ ತೊಳೆಯದೆ ತಿಂಗಳಾದ ಹಾಗೆ ಬೂದಿಯಾಗಿ ಬರುತ್ತದೆ. ಕಂಬಳಿ ಕಂಡರೆ ಬೆಳಕು ಹೆಚ್ಚಿಸಲು ಹೇಳುತ್ತದೆ, ಕಂಬಳಿಯೂ ಬೂದಿ. ಗದ್ದೆಯ ಬೆಳ್ಳಕ್ಕಿ, ಕೆರೆಯ ಎಮ್ಮೆ ಎರಡನ್ನೂ ಒಂದೇ ಬಣ್ಣಕ್ಕೆ ತರುವ ಸಾಮ್ಯವಾದಿ ಇದು. ಸರಿಯಾದ ಅಂಕಿ 125, ಎರಡರ ನಡುವೆ. ಬಿಳಿಯದನ್ನು ಅಳೆದರೆ ಎರಡು ಮೆಟ್ಟಿಲು ಹೆಚ್ಚು ಬೆಳಕು ಕೊಡು, ಕಪ್ಪನ್ನು ಅಳೆದರೆ ಎರಡು ಮೆಟ್ಟಿಲು ಕಡಿಮೆ ಕೊಡು. ನಡುಬೂದಿಯ ಕಾರ್ಡನ್ನೂ ಮಾರುತ್ತಾರೆ. ನಾನು ಕೊಂಡಿಲ್ಲ. ಅಂಗೈ ಇದೆಯಲ್ಲ! ಅಂಗೈಯನ್ನು ಅಳೆದು ಸುಮಾರು ಒಂದು ಮೆಟ್ಟಿಲು ಹೆಚ್ಚು ಬೆಳಕು ಕೊಟ್ಟರೆ ಕೆಲಸ ಆಗುತ್ತದೆ. ಅಂಗೈಯನ್ನು ಮನೆಯಲ್ಲಿ ಮರೆತು ಬರುವ ಭಯವೂ ಇಲ್ಲ.

ಕ್ಯಾಮೆರಾ ಇಲ್ಲದವರು ಫೋನಿನಲ್ಲಿ ಮಾಡಿ ನೋಡಿ. ಪರದೆ ತುಂಬ ಬಿಳಿ ಹಾಳೆ ಬರುವಂತೆ ಹಿಡಿಯಿರಿ, ಆಮೇಲೆ ಕಪ್ಪು ಬಟ್ಟೆ. ಎರಡು ಚಿತ್ರಗಳನ್ನು ಪಕ್ಕ ಪಕ್ಕ ಇಟ್ಟರೆ ಹಾಳೆ ಮಾಸಿದಂತೆಯೂ ಬಟ್ಟೆ ನರೆತಂತೆಯೂ ಕಾಣುತ್ತದೆ. ಫೋನು ಸ್ವಲ್ಪ ಬುದ್ಧಿವಂತ, ಕೆಲವೊಮ್ಮೆ ಅಷ್ಟು ಸುಲಭಕ್ಕೆ ಸಿಕ್ಕಿಬೀಳುವುದಿಲ್ಲ.

ಮಧ್ಯಾಹ್ನ ಅಡುಗೆಮನೆಯಲ್ಲಿ ಅಜ್ಜಿ ಮೆಟ್ಟುಗತ್ತಿಯ ಮೇಲೆ ಕೂತು ಹಲಸಿನಕಾಯಿ ಕೊಚ್ಚುತ್ತಿದ್ದರು. ಕೈಗೆ ಮೇಣ ಹತ್ತದಂತೆ ಎಣ್ಣೆ ಸವರಿಕೊಂಡಿದ್ದರು. ಬೆನ್ನ ಹಿಂದೆ ಕಿಟಕಿ, ಅದರಾಚೆ ಬಿಸಿಲಿಗೆ ಹೊಳೆಯುವ ಬಾಳೆ ಎಲೆ. ಹುಡುಗಿ ಕ್ಯಾಮೆರಾ ಎತ್ತಿ ಮೀಟರಿನ ಗುಂಡಿ ಒತ್ತಿದಳು. ಮೀಟರ್ 2 ಮತ್ತು 250 ಎಂದಿತು. ನನಗೆ ಅನುಮಾನ. ಶೂ ಮೇಲೆ ಕೂತ ಮೀಟರಿನ ನೋಟ ಸುಮಾರು 30 ಡಿಗ್ರಿಯಷ್ಟು ಅಗಲ. ಲೆನ್ಸು ನೋಡುವುದರ ನಡುಭಾಗ ಎನ್ನಬಹುದು. ಆ ನಡುಭಾಗದಲ್ಲಿ ಈಗ ಅಜ್ಜಿಗಿಂತ ಕಿಟಕಿಯೇ ಹೆಚ್ಚು. ಹೀಗೇ ತೆಗೆದರೆ ಬಾಳೆ ಎಲೆ ಚಂದ ಬಂದು ಅಜ್ಜಿ ಮಸಿಗೊಂಬೆಯಾಗುತ್ತಾರೆ. ಬಯಲಲ್ಲಿ ಆಕಾಶ ಇದೇ ಕಿತಾಪತಿ ಮಾಡುತ್ತದೆ, ಅದಕ್ಕೇ ಅಲ್ಲಿ ಕ್ಯಾಮೆರಾವನ್ನು ಸ್ವಲ್ಪ ನೆಲದ ಕಡೆ ಬಾಗಿಸಿ ಅಳೆದುಕೊಳ್ಳಬೇಕು.

"ಹತ್ತಿರ ಹೋಗಿ ಅಜ್ಜಿ ಮುಖದ ಎದುರು ಹಿಡಿ, ಕಿಟಕಿ ಸೇರಬಾರದು."

ಹೋದಳು. ಅಜ್ಜಿ ಕತ್ತಿ ನಿಲ್ಲಿಸಿ ನೋಡಿದರು. "ಎಂತದೇ ಅದು ಹಣೆ ಎದುರು? ಜ್ವರ ನೋಡ್ತೀಯಾ?"

2 ಮತ್ತು 30. ಮೂರು ಮೆಟ್ಟಿಲು ಇಳಿದಿತ್ತು. ಸೆಕೆಂಡಿನ ಮೂವತ್ತರಲ್ಲೊಂದು ಭಾಗ ಅಂದರೆ ಕೈ ಚೂರು ನಡುಗಿದರೂ ಚಿತ್ರ ಅಲುಗುವಷ್ಟು ಹೊತ್ತು. ಕಂಬಕ್ಕೆ ಭುಜ ಕೊಟ್ಟು, ಉಸಿರು ಬಿಟ್ಟು, ಅರೆಕ್ಷಣ ಉಸಿರು ಹಿಡಿದು ಒತ್ತು ಎಂದೆ. ಒತ್ತಿದಳು. ಜೋರ್ಕಿ 'ಟಪ್' ಎಂದಿತು.

ನಾನು ಕೆಟ್ಟ ಕತೆ ಹೇಳುತ್ತೇನೆಂದಿದ್ದೆ. ಹಿಂದಿನ ವರ್ಷ ಊರ ತೇರಿಗೆ ಹೋಗಿದ್ದಾಗ ಮೀಟರನ್ನು ಚೀಲದಲ್ಲಿ ಹಾಕಿಕೊಂಡಿದ್ದೆ. ಚೀಲದೊಳಗೆ ಏನಕ್ಕೋ ತಾಗಿ ಫಿಲ್ಮಿನ ಅಂಕಿಯ ಡಯಲ್ 400ರಿಂದ 1600ಕ್ಕೆ ತಿರುಗಿತ್ತು. ನಾನು ನೋಡಲಿಲ್ಲ. ಕಾಲು ಭಾಗ ಬೆಳಕು ಸಾಕೆಂದು ಮೀಟರ್ ನಂಬಿತು, ಮೀಟರನ್ನು ನಾನು ನಂಬಿದೆ. ಪ್ರತಿ ಸಲವೂ ಹಸಿರು ದೀಪ ಉರಿಯುತ್ತಿತ್ತು ಬೇರೆ! ತೊಳೆದು ನೋಡಿದರೆ ತೇರಿನ ತುದಿಯ ಪತಾಕೆ, ಆಕಾಶ ಮಾತ್ರ ಮೂಡಿದ್ದವು. ಎಳೆಯುವ ಜನರ ಜಾಗದಲ್ಲಿ ಬರೀ ಪಾರದರ್ಶಕ ಪಟ್ಟಿ. ಈಗ ಅಂಕಿ ಬದಲಾಗದಂತೆ ಡಯಲ್ಲಿಗೆ ಚೂರು ಟೇಪ್ ಅಂಟಿಸಿದ್ದೇನೆ. ಅಂದ ಹಾಳಾಯಿತು, ಆಗಲಿ.

ರೀಲಿನ 36 ಚಿತ್ರ ಮುಗಿಯಲು ಎಂಟು ದಿನ ಹಿಡಿಯಿತು. ಕಪ್ಪು ಬಿಳುಪು ಫಿಲ್ಮನ್ನು ಮನೆಯಲ್ಲೇ ತೊಳೆಯುತ್ತೇನೆ. ಬೆಳಕು ನುಗ್ಗದ ಡಬ್ಬಿ, ಎರಡು ಮೂರು ರಾಸಾಯನಿಕ, ಬಾವಿಯ ತಣ್ಣೀರು, ಒಂದು ಗಡಿಯಾರ. ಬಚ್ಚಲಮನೆಯ ಬಾಗಿಲ ಹೊರಗೆ ಅವಳು "ಆಯ್ತಾ? ಆಯ್ತಾ?" ಎನ್ನುತ್ತಾ ಕಾದಳು. ಒದ್ದೆ ಪಟ್ಟಿಯನ್ನು ಜಗಲಿಯ ಹಗ್ಗಕ್ಕೆ ಬಟ್ಟೆ ಕ್ಲಿಪ್ಪಿನಿಂದ ತೂಗುಹಾಕಿದೆವು. ಹೆಚ್ಚು ಬೆಳಕು ಬಿದ್ದಲ್ಲಿ ಹೆಚ್ಚು ಬೆಳ್ಳಿ ಕಪ್ಪಾಗುವುದರಿಂದ ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ. ಕರಿ ಎಮ್ಮೆ ಬೆಳ್ಳಗೆ, ಬೆಳ್ಳಕ್ಕಿ ಕಾಗೆಯಂತೆ, ಜಗಲಿಯ ಪಂಚೆ ಮಸಿಬಟ್ಟೆ. ಹದಿಮೂರನೆಯ ಚಿತ್ರದಲ್ಲಿ ಮೆಟ್ಟುಗತ್ತಿಯ ಮುಂದೆ ಅಜ್ಜಿ. ಹಿಂದಿನ ಕಿಟಕಿ ಪೂರ್ತಿ ಮಸಿ. ಆದರೆ ಕಣ್ಣು, ಹಣೆಯ ಗೆರೆ, ಎಣ್ಣೆ ಹಚ್ಚಿದ ಬೆರಳು ಎಲ್ಲ ಇದ್ದವು.

ಅವಳು ಓಡಿಹೋಗಿ ಅಜ್ಜಿಯ ಕೈ ಹಿಡಿದು ಎಳೆದು ತಂದಳು. ಅಜ್ಜಿ ಕನ್ನಡಕ ಸರಿಮಾಡಿಕೊಂಡು, ಪಟ್ಟಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಇದೆಂತ ಮಾರಾಯ್ತಿ, ತಲೆಯೆಲ್ಲ ಕಪ್ಪು ಕೂದ್ಲು ಬಂದಿದೆ ನಂಗೆ!"

"ಅಜ್ಜಿ, ಅದು ನೆಗೆಟಿವ್. ಪ್ರಿಂಟ್ ಹಾಕಿದ್ರೆ ಬೆಳ್ಳಗಾಗ್ತದೆ."

"ಹೌದಾ? ಹಂಗಾದ್ರೆ ಪ್ರಿಂಟ್ ಬೇಡ," ಎಂದು ಅಜ್ಜಿ ಹಪ್ಪಳ ತಿರುವಿಹಾಕಲು ಅಂಗಳಕ್ಕೆ ಇಳಿದರು.